ತುಂಬಿದ ಜಲಾಶಯವನ್ನು ಖಾಲಿ ಮಾಡುವುದೆಂದರೆ

ಬನವಾಸಿಯನ್ನು ಬಳಸಿ ಹರಿಯುವ ವರದಾ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ ಹೊಸಪೇಟೆಯ ಜಲಾಶಯಕ್ಕೆ ಹೋಗುತ್ತಾಳೆ. ಸಿದ್ದಾಪುರದ ಗಡಿಯ ಜೋಗದಲ್ಲಿ ಧುಮುಕುವ ಶರಾವತಿಗೆ ಮೇಲ್ಗಡೆ ಲಿಂಗನಮಕ್ಕಿ ಇದೆ. ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿಯಲ್ಲಿ ಕಾಳಿ ನದಿಗೆ ಅಡ್ಡಗೋಡೆ ಎದ್ದಿದೆ. ಅಘನಾಶಿನಿ, ಬೇಡ್ತಿಗಳ ಪಾಲನ್ನು ಬಿಟ್ಟರೆ, ಈ ಭಾಗದ ಮಳೆನೀರು ಬಹುಮಟ್ಟಿಗೆ ಒಂದಲ್ಲ ಒಂದು ಅಣೆಕಟ್ಟಿನ ಬೆನ್ನಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಅಣೆಕಟ್ಟಿನ ಸುರಕ್ಷತೆ ಘಟ್ಟದವರಿಗೆ ದೂರದೂರಿನ ಸುದ್ದಿಯಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಲ್ಲಿ 33 ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಪೂರ್ಣ ಮಟ್ಟ 1,633 ಅಡಿ, ಗೇಟಿನ ಬುಡ 1,613 ಅಡಿಯಲ್ಲಿ. ನಿಂತ ನೀರಿಲ್ಲದೆ ದುರಸ್ತಿ ಮಾಡಬೇಕೆಂದರೆ 20 ಅಡಿ ನೀರು ಇಳಿಯಬೇಕು, ಅಂದರೆ ಸುಮಾರು 60 ಟಿಎಂಸಿ ಹೊಳೆಗೆ ಹೋಗಬೇಕು. ಗೋಡೆಯ ಭದ್ರತೆ ಮುಖ್ಯ, ಖಾಲಿ ಮಾಡಿ ಎಂದರು ಕೆಲವರು. ಭತ್ತದ ಗದ್ದೆಯ ರೈತನಿಗೆ ಆ ನೀರೇ ವರ್ಷದ ಅನ್ನ. ಎರಡೂ ಮಾತಿನಲ್ಲಿ ಹುರುಳಿತ್ತು.

ಖಾಲಿ ಮಾಡುವುದು ಹೇಳಿದಷ್ಟು ಸುಲಭವೂ ಅಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿಯಂತೆ ಹಗಲು ರಾತ್ರಿ ಬಿಟ್ಟರೂ ದಿನಕ್ಕೆ ಇಳಿಯುವುದು ಎಂಟೂವರೆ ಟಿಎಂಸಿ ಚಿಲ್ಲರೆ. ಒಳಹರಿವೇ ಇಲ್ಲವೆಂದುಕೊಂಡರೂ 60 ಟಿಎಂಸಿಗೆ ಒಂದು ವಾರ ಬೇಕು. ಹೆಚ್ಚು ಬಿಟ್ಟರೆ ಕೆಳಗೆ ಕಂಪ್ಲಿ ಸೇತುವೆ, ಹಂಪಿಯ ಪುರಂದರ ಮಂಟಪ ಮುಳುಗುತ್ತವೆ. ಇನ್ನೊಂದು ತೊಡಕೂ ಇದೆ. ಗೇಟು ಪೂರ್ತಿ ತೆರೆದಾಗ ಅದರ ಬುಡದ ಮೇಲೆ ನಿಂತ ನೀರಿನ ಎತ್ತರ ಅರ್ಧಕ್ಕಿಳಿದರೆ, ಹೊರಹರಿವು ಅರ್ಧಕ್ಕಲ್ಲ, ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಕುಸಿಯುತ್ತದೆ. ಬುಡಕ್ಕಿಂತ ಕೆಳಗಿನ ನೀರಿಗಂತೂ ಕಾಲುವೆಯ ತೂಬು, ವಿದ್ಯುದಾಗಾರದ ಕೊಳವೆಗಳಂಥ ದಾರಿಗಳೇ ಗತಿ. ಅಪಾಯ ಕಂಡ ಮೇಲೆ ಖಾಲಿ ಮಾಡುತ್ತೇವೆ ಎಂಬ ಭರವಸೆಯನ್ನು ನಂಬಬಾರದು ಎನ್ನುವುದು ಇದಕ್ಕೇ.

ತುಂಗಭದ್ರೆಯಲ್ಲಿ ಪೂರ್ತಿ ಖಾಲಿ ಮಾಡುವ ಪ್ರಮೇಯ ಬರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಗೇಟಿನ ಜಾಗದಲ್ಲಿ ಉಕ್ಕಿನ ಅಡ್ಡಹಲಗೆಗಳನ್ನು, ಅಂದರೆ ಸ್ಟಾಪ್‌ಲಾಗ್‌ಗಳನ್ನು, ಕ್ರೇನಿನಿಂದ ಒಂದರ ಮೇಲೊಂದು ಇಳಿಸಿದರು. ಕೆಳಗೆ ನೀರು ಭೋರ್ಗರೆಯುತ್ತಿತ್ತು. 60 ಅಡಿ ಉದ್ದದ ಹಲಗೆ ತನ್ನ ತೋಡಿನಲ್ಲಿ ಒಂದಿಷ್ಟು ಓರೆಯಾದರೂ ಸಿಕ್ಕಿಕೊಳ್ಳುವ ಭಯ. ಆಗಸ್ಟ್ 16ರಂದು ಮೊದಲನೆಯದು ಕೂತಿತು, ಮರುದಿನ ಐದೂ ಕೂತವು. ಉಳಿದ ನೀರಿನ ಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಆ ಕೆಲಸಗಾರರ ಎದೆಗಾರಿಕೆ ದೊಡ್ಡದು. ಆದರೆ ಎಪ್ಪತ್ತು ವರ್ಷದ ಅಣೆಕಟ್ಟಿಗೆ ಹೊಂದುವ ಹಲಗೆಗಳು ಮೊದಲೇ ಸಿದ್ಧವಿರಬೇಕಿತ್ತು.

ಕಾಳಿಯ ಕಥೆ ಇನ್ನೂ ಇಕ್ಕಟ್ಟಿನದು. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಹೀಗೆ ಒಂದರ ಕೆಳಗೊಂದು ಜಲಾಶಯಗಳು. ಸೂಪಾದಲ್ಲಿ ಸುಮಾರು 145 ಟಿಎಂಸಿ ಹಿಡಿಸುತ್ತದೆ. ಅದರೆದುರು ಕೊಡಸಳ್ಳಿ, ಕದ್ರಾ ತೀರಾ ಚಿಕ್ಕವು. ಮೇಲಿನವರು ಬಿಟ್ಟ ನೀರಿಗೆ ಕೆಳಗಿನವರು ಜಾಗ ಇಟ್ಟುಕೊಂಡಿರಲೇಬೇಕು. ಕದ್ರಾವನ್ನು ಬೇಕಾದಷ್ಟು ಇಳಿಸುವಂತೆಯೂ ಇಲ್ಲ. ಕೈಗಾ ಅಣುಸ್ಥಾವರವನ್ನು ತಣ್ಣಗಿಡುವ ನೀರು ಬರುವುದು ಅಲ್ಲಿಂದಲೇ. ತುಂಬಿಸಿಟ್ಟರೆ ಏನಾಗುತ್ತದೆಂಬುದನ್ನು 2019ರ ಆಗಸ್ಟ್‌ನಲ್ಲಿ ಕದ್ರಾ, ಮಲ್ಲಾಪುರದ ಜನ ಮನೆಯೊಳಗೆ ನುಗ್ಗಿದ ನೀರಿನಲ್ಲಿ ನಿಂತು ಕಂಡರು. ಮಳೆಗಾಲದ ನಡುವೆ ಜಲಾಶಯದಲ್ಲಿ ಬಿಟ್ಟ ಖಾಲಿ ಜಾಗ ನಷ್ಟವಲ್ಲ. ಕೆಳಗಿನ ಊರುಗಳಿಗೆ ಅದೇ ರಕ್ಷಣೆ.

ದಿಢೀರನೆ ಇಳಿಸುವುದೂ ಕ್ಷೇಮವಲ್ಲ. ತಿಂಗಳುಗಟ್ಟಲೆ ನೆನೆದ ದಡದ ಮಣ್ಣಿಗೆ ಹೊರಗಿನ ನೀರೇ ಊರುಗೋಲು. ಅದು ಸರಕ್ಕನೆ ಇಳಿದರೆ ಮಣ್ಣಿನೊಳಗಿನ ನೀರು ಅಷ್ಟೇ ಬೇಗ ಬಸಿಯದೆ ಒತ್ತಡ ಒಳಗೇ ಉಳಿಯುತ್ತದೆ, ದಡ ಜರಿಯುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆ ಜಾರಿದ್ದು ಅತಿಮಳೆಗೆ, ಜಲಾಶಯದಿಂದಲ್ಲ. ಆದರೂ ನೆನೆದ ಘಟ್ಟದ ಮಣ್ಣು ಎಷ್ಟು ಸಡಿಲವೆಂಬುದು ಅಲ್ಲಿ ಎಲ್ಲರಿಗೂ ಕಂಡಿತು.

ಇಂಥ ನೆಲದಲ್ಲೇ ಬೇಡ್ತಿ-ವರದಾ ನದಿ ಜೋಡಣೆಗಾಗಿ ಪಟ್ಟಣದ ಹಳ್ಳ, ಶಾಲ್ಮಲಾ ಹಳ್ಳಗಳಿಗೆ ಹೊಸ ಅಣೆಕಟ್ಟಿನ ಪ್ರಸ್ತಾಪವಿದೆ. ಎಷ್ಟು ನೀರು ತುಂಬುತ್ತದೆ ಎಂದು ಹೇಳುವವರು, ಅಪಾಯ ಬಂದರೆ ಎಷ್ಟು ದಿನದಲ್ಲಿ, ಯಾವ ದಾರಿಯಲ್ಲಿ ಇಳಿಸುತ್ತೇವೆ ಎಂಬುದನ್ನೂ ಹೇಳಬೇಕು. ಆ ಲೆಕ್ಕವಿಲ್ಲದ ಯೋಜನೆಗೆ ಒಪ್ಪಿಗೆ ಕೊಡುವುದು ತಪ್ಪು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. ಹಳೆಯ ಅಣೆಕಟ್ಟುಗಳಿಗೂ ಐದು ವರ್ಷದೊಳಗೆ ತುರ್ತು ಕ್ರಿಯಾಯೋಜನೆ ಸಿದ್ಧವಾಗಬೇಕೆನ್ನುತ್ತದೆ ಅದು. ನಿಮ್ಮ ಊರು ಕಾಳಿ ಅಥವಾ ಶರಾವತಿಯ ಅಣೆಕಟ್ಟಿನ ಕೆಳಗಿದ್ದರೆ, ಮುಂದಿನ ಗ್ರಾಮಸಭೆಯಲ್ಲಿ ಆ ಯೋಜನೆಯನ್ನು, ಯಾವ ಮನೆಯವರೆಗೆ ನೀರು ಬರುತ್ತದೆಂದು ತೋರಿಸುವ ನಕ್ಷೆಯನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಿ.