ಸಂಜೆ ಐದರ ನಂತರದ ವಿಜ್ಞಾನ: ಭೂವಿಜ್ಞಾನ ಸಮ್ಮೇಳನದ ಊಟದಲ್ಲಿ ಯಾರಿಗೆ ಜಾಗವಿದೆ?

ಯಾವುದಾದರೂ ಭೂವಿಜ್ಞಾನ ಸಮ್ಮೇಳನದ ಕಾರ್ಯಕ್ರಮ ಪಟ್ಟಿ ತೆಗೆದು ನೋಡಿ. ಬೆಳಗ್ಗೆಯಿಂದ ಸಂಜೆ ಐದರ ತನಕ ಶಿಲೆ, ಅಂತರ್ಜಲ, ಭೂಕಂಪ, ಅದಿರು. ಅದಾದ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದಿಷ್ಟು ಸಾಲು ಇರುತ್ತವೆ: ಸ್ವಾಗತ ಕೂಟ, ಹಳೆಯ ವಿದ್ಯಾರ್ಥಿಗಳ ಕೂಟ, ಮಾರ್ಗದರ್ಶಕರ ಜೊತೆ ಊಟ, ಪ್ರಶಸ್ತಿ ಪ್ರದಾನದ ಡಿನ್ನರ್. ಮೊದಲ ಸಲ ಬಂದ ವಿದ್ಯಾರ್ಥಿ ತನ್ನ ಪೋಸ್ಟರ್ ಮಡಚಿ, ‘ನಮ್ಮ ಕೆಲಸ ಮುಗೀತು’ ಅಂತ ರೂಮಿಗೆ ಹೋಗಿ ಮಲಗಿಬಿಡುತ್ತಾರೆ. ಹತ್ತು ವರ್ಷದ ಅನುಭವ ಇರುವವರು ಮಾತ್ರ ಆ ಹೊತ್ತಿಗೆ ಮುಖ ತೊಳೆದು, ಶರ್ಟ್ ಬದಲಿಸಿ ಹೊರಡುತ್ತಾರೆ. ಅವರಿಗೆ ಗೊತ್ತಿರುವ ವಿಷಯ ಇಷ್ಟೇ: ಪ್ರಬಂಧ ಓದುವುದು ಹಗಲಲ್ಲಿ, ಕೆಲಸ ಸಿಗುವುದು ಸಂಜೆಯಲ್ಲಿ.

ಇದನ್ನು ಗಾಸಿಪ್ ಅಂತ ತಳ್ಳಿಹಾಕಬೇಡಿ. ಈ ವಿಜ್ಞಾನದ ಸಂಘಟನೆ ಶುರುವಾಗಿದ್ದೇ ಒಂದು ಊಟದಿಂದ. 1807ರ ನವೆಂಬರ್ 13ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ 13 ಮಂದಿ ಊಟಕ್ಕೆ ಸೇರಿ ಜಿಯಾಲಜಿಕಲ್ ಸೊಸೈಟಿಯನ್ನು ಕಟ್ಟಿದರು. 13 ಜನರೂ ಗಂಡಸರು. ಆ ಸೊಸೈಟಿ ಮಹಿಳೆಯರನ್ನು ಫೆಲೋಗಳಾಗಿ ಸೇರಿಸಿಕೊಂಡಿದ್ದು 1919ರಲ್ಲಿ, ಅಂದರೆ 112 ವರ್ಷಗಳ ನಂತರ. ಈ ನಡುವೆ ಲೈಮ್ ರೀಜಿಸ್ ಎಂಬ ಕಡಲೂರಿನಲ್ಲಿ ಬಡಗಿಯೊಬ್ಬನ ಮಗಳು ಮೇರಿ ಆ್ಯನಿಂಗ್ ಬಂಡೆಗಳಿಂದ ದೈತ್ಯ ಸರೀಸೃಪಗಳ ಪಳೆಯುಳಿಕೆ ಬಿಡಿಸಿ ತೆಗೆಯುತ್ತಿದ್ದಳು. 1824ರಲ್ಲಿ ಅವಳಿಗೆ ಸಿಕ್ಕ ಪ್ಲೀಸಿಯೊಸಾರ್ ಬಗ್ಗೆ ಅದೇ ಸೊಸೈಟಿಯಲ್ಲಿ ಪ್ರಬಂಧ ಮಂಡನೆಯಾಯಿತು. ಮಂಡಿಸಿದವರು ಬೇರೆಯವರು; ಅವಳ ಹೆಸರು ಅದರಲ್ಲಿ ಬರಲಿಲ್ಲ. ಅವಳಿಗೆ ಪಳೆಯುಳಿಕೆಯ ಜ್ಞಾನ ಕಮ್ಮಿ ಇರಲಿಲ್ಲ, ಟೇಬಲ್ಲಿನಲ್ಲಿ ಕುರ್ಚಿ ಇರಲಿಲ್ಲ.

ಇನ್ನೂರು ವರ್ಷ ಕಳೆದ ಮೇಲೆ ಆ ಟೇಬಲ್ ಹೇಗಿದೆ? ಪ್ರಾದೇಶಿಕ ಸಮ್ಮೇಳನಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1888ರಲ್ಲಿ ಹುಟ್ಟಿದ ಜಿಯಾಲಜಿಕಲ್ ಸೊಸೈಟಿ ಆಫ್ ಅಮೆರಿಕ, ಅಂದರೆ ಜಿಎಸ್ಎ, ತನ್ನ ವಾರ್ಷಿಕ ಮಹಾಸಭೆಯ ಜೊತೆಗೆ ವಸಂತ ಕಾಲದಲ್ಲಿ ‘ಸೆಕ್ಷನ್ ಮೀಟಿಂಗ್’ ಅನ್ನುವ ಪ್ರಾದೇಶಿಕ ಸಮ್ಮೇಳನಗಳನ್ನು ನಡೆಸುತ್ತದೆ. ಈಶಾನ್ಯ, ಆಗ್ನೇಯ, ರಾಕಿ ಪರ್ವತ, ಪಶ್ಚಿಮದ ಕಾರ್ಡಿಲೆರಾ, ಹೀಗೆ. ಎರಡು ಮೂರು ದಿನದ ಸಣ್ಣ ಸಭೆಗಳು. ಮಹಾಸಭೆಯ ಜಾತ್ರೆಯಲ್ಲಿ ದೊಡ್ಡ ಹೆಸರಿನವರ ಬೆನ್ನು ಮಾತ್ರ ಕಂಡರೆ, ಇಲ್ಲಿ ಅವರ ಪಕ್ಕದಲ್ಲೇ ನಿಂತು ಕಾಫಿ ಹಿಡಿದುಕೊಳ್ಳಬಹುದು. ಆ ಪ್ರದೇಶದ ಅಂತರ್ಜಲ ಕನ್ಸಲ್ಟೆನ್ಸಿಯವರು, ರಾಜ್ಯ ಭೂವಿಜ್ಞಾನ ಇಲಾಖೆಯವರು, ಕ್ವಾರಿ ಕಂಪನಿಯವರು, ಪಕ್ಕದ ಯೂನಿವರ್ಸಿಟಿಯ ಪ್ರೊಫೆಸರು ಎಲ್ಲ ಒಂದೇ ಹಾಲಿನಲ್ಲಿ. ಕೆಲಸ ಹುಡುಕುವ ವಿದ್ಯಾರ್ಥಿಗೆ ದೊಡ್ಡ ಸಮ್ಮೇಳನಕ್ಕಿಂತ ಇದೇ ಹೆಚ್ಚು ಉಪಯೋಗ ಅನ್ನುವುದು ನನ್ನ ಅಭಿಪ್ರಾಯ.

ಇಂಥ ಸಮ್ಮೇಳನದ ಸಂಜೆಗಳಲ್ಲಿ ಎಲ್ಲ ಕೂಟಗಳೂ ಒಂದೇ ಅಲ್ಲ. ಮೊದಲ ದಿನದ ‘ಐಸ್‌ಬ್ರೇಕರ್’ಗೆ ಸಾಮಾನ್ಯವಾಗಿ ಕೊರಳಲ್ಲಿ ಬ್ಯಾಡ್ಜ್ ಇದ್ದರೆ ಸಾಕು. ಆದರೆ ಒಳಗೆ ಹೋದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಪರಿಚಯ ಇದ್ದವರು ಗುಂಪುಗಟ್ಟುತ್ತಾರೆ, ಇಲ್ಲದವರು ಗೋಡೆ ಪಕ್ಕ ಮೊಬೈಲ್ ನೋಡುತ್ತಾ ನಿಲ್ಲುತ್ತಾರೆ. ಹಳೆಯ ವಿದ್ಯಾರ್ಥಿಗಳ ಕೂಟದ್ದು ಬೇರೆ ಲೆಕ್ಕ. ಹೆಸರಾಂತ ಯೂನಿವರ್ಸಿಟಿಗಳು ಒಂದು ಕೋಣೆ ಬುಕ್ ಮಾಡಿ ತಮ್ಮವರನ್ನು ಕರೆಯುತ್ತವೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ನಿಮಗೆ ಕೋಣೆಯೂ ಇಲ್ಲ. ಸಮ್ಮೇಳನಕ್ಕೆ ಮುಂಚಿನ ಫೀಲ್ಡ್ ಟ್ರಿಪ್‌ಗೆ ಪ್ರತ್ಯೇಕ ಶುಲ್ಕ ಕಟ್ಟಬೇಕು. ಇಡೀ ದಿನ ಒಂದೇ ಬಸ್ಸಲ್ಲಿ ಕೂತು, ಒಂದೇ ಬಂಡೆಯ ಮುಂದೆ ನಿಂತು ವಾದ ಮಾಡಿದವರ ನಡುವೆ ಬೆಳೆಯುವ ಸಲಿಗೆ ಯಾವ ಡಿನ್ನರಿನಲ್ಲೂ ಬೆಳೆಯಲ್ಲ.

ಇವೆಲ್ಲಕ್ಕಿಂತ ಭಿನ್ನವಾದದ್ದು ಮಾರ್ಗದರ್ಶಕರ ಊಟ. ಜಿಎಸ್ಎ ಸೆಕ್ಷನ್ ಸಭೆಗಳಲ್ಲಿ ‘ಶ್ಲೆಮನ್’ ಮತ್ತು ‘ಮ್ಯಾನ್’ ಹೆಸರಿನ ಎರಡು ಕಾರ್ಯಕ್ರಮಗಳಿವೆ. ಮೊದಲನೆಯದು ಅನ್ವಯಿಕ ಭೂವಿಜ್ಞಾನಕ್ಕೆ, ಎರಡನೆಯದು ಅಂತರ್ಜಲಕ್ಕೆ. ನೋಂದಾಯಿಸಿದ ವಿದ್ಯಾರ್ಥಿಗಳಿಗೆ ಊಟ ಉಚಿತ. ಕಂಪನಿ ಮತ್ತು ಸರ್ಕಾರಿ ಇಲಾಖೆಗಳಲ್ಲಿ ಕೆಲಸ ಮಾಡುವವರು ಬಂದು ಕೂತು, ತಮ್ಮ ದಿನ ಹೇಗಿರುತ್ತೆ, ಯಾವ ಲೈಸೆನ್ಸ್ ಬೇಕು, ರೆಸ್ಯೂಮೆಯಲ್ಲಿ ಏನು ನೋಡುತ್ತಾರೆ ಅಂತ ಬಿಚ್ಚಿ ಹೇಳುತ್ತಾರೆ. ಇದು ನಡೆಯುವುದು ಹಗಲಲ್ಲಿ, ಮದ್ಯ ಇರುವುದಿಲ್ಲ, ‘ನೀವು ಯಾರ ವಿದ್ಯಾರ್ಥಿ’ ಅನ್ನುವ ಪ್ರಶ್ನೆಯ ತೂಕ ಕಮ್ಮಿ. ಗೋಡೆ ಪಕ್ಕ ನಿಂತವರನ್ನು ಟೇಬಲ್ಲಿಗೆ ಕರೆದು ಕೂರಿಸುವ ವ್ಯವಸ್ಥೆ ಇದು.

ಇಷ್ಟಕ್ಕೂ ಪರಿಚಯಕ್ಕೆ ಇಷ್ಟೊಂದು ಬೆಲೆ ಯಾಕೆ? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಬಂಧ ಇದಕ್ಕೆ ಉತ್ತರ ಕೊಡುತ್ತದೆ. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಆಗಷ್ಟೇ ಕೆಲಸ ಬದಲಿಸಿದ್ದ ವೃತ್ತಿಪರರನ್ನು ಮಾತಾಡಿಸಿದ ಅವರು, ಪರಿಚಯದ ಮೂಲಕ ಕೆಲಸ ಸಿಕ್ಕವರಿಗೆ ಒಂದು ಪ್ರಶ್ನೆ ಕೇಳಿದರು: ಆ ಪರಿಚಯಸ್ಥರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ‘ಆಗಾಗ’ ಅಂದವರು ಶೇ. 16.7 ಮಾತ್ರ. ಶೇ. 55.6 ಮಂದಿ ‘ಅಪರೂಪಕ್ಕೊಮ್ಮೆ’, ಶೇ. 27.8 ಮಂದಿ ‘ತೀರಾ ಕಡಿಮೆ’ ಅಂದರು. ಅಂದರೆ ಕೆಲಸದ ಸುದ್ದಿ ತಂದವರು ಜೀವದ ಗೆಳೆಯರಲ್ಲ, ಮುಖಪರಿಚಯದವರು. ಕಾರಣ ಸರಳ: ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದವರಿಂದ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಅಧ್ಯಯನ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದೂ ಇದೇ ದಿಕ್ಕಿನಲ್ಲಿತ್ತು. ತೀರಾ ಗಾಢವೂ ಅಲ್ಲದ, ತೀರಾ ತೆಳುವೂ ಅಲ್ಲದ ಪರಿಚಯಗಳೇ ಹೆಚ್ಚು ನೆರವಾಗುತ್ತವೆ ಎಂದಿತು.

ಇದನ್ನು ನಮ್ಮ ನೆಲದಲ್ಲಿ ನಿಂತು ಓದಿಕೊಳ್ಳಿ. ಮನೆಯಲ್ಲಿ ಮೊದಲ ಬಾರಿಗೆ ಡಿಗ್ರಿ ಹತ್ತಿದ ಹುಡುಗಿಗೆ ಗಾಢ ಸಂಬಂಧಗಳಿಗೆ ಬರವಿಲ್ಲ. ಅಪ್ಪ ಅಮ್ಮ ಇದ್ದಾರೆ, ಊರಿದೆ, ಸಂಘಟನೆ ಇದೆ. ಇಲ್ಲದಿರುವುದು ದೂರದ, ತೆಳು ಪರಿಚಯಗಳು. ಮೇಲ್ಜಾತಿ, ಮೇಲ್ವರ್ಗದ ಮನೆಗಳಲ್ಲಿ ಅವು ಹುಟ್ಟುತ್ತಲೇ ಬರುತ್ತವೆ: ಚಿಕ್ಕಪ್ಪನ ಸಹಪಾಠಿ, ಅಮ್ಮನ ಸಹೋದ್ಯೋಗಿ. ಉಳಿದವರಿಗೆ ಅವನ್ನು ಗಳಿಸಿಕೊಳ್ಳುವ ಕೆಲವೇ ಜಾಗಗಳಲ್ಲಿ ಸಮ್ಮೇಳನದ ಸಂಜೆ ಒಂದು. ಅದಕ್ಕೇ ಆ ಸಂಜೆಯ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅನ್ನುವುದು ಮುಖ್ಯವಾಗುತ್ತದೆ.

ಭೂವಿಜ್ಞಾನಿಗಳಿಗೂ ಬಿಯರ್‌ಗೂ ಇರುವ ನಂಟು ಅಮೆರಿಕದಲ್ಲಿ ಒಂದು ಹಳೆಯ ಜೋಕು. ಕುಡಿಯದವರು, ಗರ್ಭಿಣಿಯರು, ಧರ್ಮದ ಕಾರಣಕ್ಕೆ ದೂರ ಇರುವವರು ಆ ಜೋಕಿನ ಹೊರಗೇ ಉಳಿಯುತ್ತಾರೆ. ಕುಡಿತ, ಕತ್ತಲು, ಪದವಿಯ ಅಂತರ ಮೂರೂ ಸೇರಿದ ಕಡೆ ಮಹಿಳೆಯರಿಗೆ ಏನಾಗುತ್ತದೆ ಅಂತ ವಿವರಿಸುವ ಅಗತ್ಯವಿಲ್ಲ. ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ 2017ರಲ್ಲಿ ಲೈಂಗಿಕ ಕಿರುಕುಳವನ್ನೂ ವೈಜ್ಞಾನಿಕ ದುರ್ನಡತೆಯ ಪಟ್ಟಿಗೆ ಸೇರಿಸಿತು. ಹೊರಗುಳಿದವರು ತಮ್ಮದೇ ಟೇಬಲ್ ಕಟ್ಟಿಕೊಂಡ ಇತಿಹಾಸವೂ ಇದೆ. ಅಲ್ಲಿನ ಮಹಿಳಾ ಭೂವಿಜ್ಞಾನಿಗಳ ಸಂಘ 1977ರಲ್ಲಿ, ಕಪ್ಪು ಭೂವಿಜ್ಞಾನಿಗಳ ಸಂಘ 1981ರಲ್ಲಿ ಹುಟ್ಟಿದವು. ಆದರೂ 2018ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಲೇಖನ, ಅಮೆರಿಕದಲ್ಲಿ ಈ ವಿಷಯದ ಪಿಎಚ್‌ಡಿ ಪಡೆಯುವವರ ಜನಾಂಗೀಯ ವೈವಿಧ್ಯದಲ್ಲಿ 40 ವರ್ಷಗಳಿಂದ ಪ್ರಗತಿಯೇ ಆಗಿಲ್ಲ ಅಂತ ಲೆಕ್ಕ ಸಮೇತ ತೋರಿಸಿತು. ಕೂಟಕ್ಕೆ ಕರೆದ ಮಾತ್ರಕ್ಕೆ ಕುರ್ಚಿ ಸಿಗುವುದಿಲ್ಲ.

ಕರ್ನಾಟಕದಿಂದ ಅಲ್ಲಿಗೆ ಓದಲು ಹೋದವರಿಗೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಎಫ್-1 ವೀಸಾದ ವಿದ್ಯಾರ್ಥಿಗೆ ಓದು ಮುಗಿದ ಮೇಲೆ ಸಿಗುವ 12 ತಿಂಗಳ ‘ಒಪಿಟಿ’ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ಅಲ್ಲಿನ ಕೇಂದ್ರ ಸರ್ಕಾರದ ಹುದ್ದೆಗಳು ಬಹುಪಾಲು ಪೌರರಿಗೆ ಮಾತ್ರ. ಹಾಗಾಗಿ ಉಚಿತ ಊಟದ ಟೇಬಲ್ಲಿನಲ್ಲಿ ಕೂಡ ಸರ್ಕಾರಿ ಇಲಾಖೆಯ ಮಾರ್ಗದರ್ಶಕರ ಮಾತು ಕೇಳುತ್ತಾ, ‘ಇದು ನನಗಲ್ಲ’ ಅಂತ ಮನಸ್ಸಲ್ಲೇ ಟಿಕ್ ಹಾಕಿಕೊಳ್ಳುವವರು ಇದ್ದೇ ಇರುತ್ತಾರೆ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಇದೆಲ್ಲ ದೊಡ್ಡ ವಿಷಯ ಅನ್ನಿಸದಿರುವುದಕ್ಕೆ ಒಂದು ಗಟ್ಟಿ ಕಾರಣವಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗಳಿಗೆ ಯುಪಿಎಸ್‌ಸಿ ಕಂಬೈಂಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ನಡೆಸುತ್ತದೆ. ಪೂರ್ವಭಾವಿ, ಮುಖ್ಯ ಪರೀಕ್ಷೆ, ಸಂದರ್ಶನ, ಮೀಸಲಾತಿ ಇದೆ. ಉತ್ತರ ಪತ್ರಿಕೆ ನೋಡುವವರಿಗೆ ನಿಮ್ಮ ಅಪ್ಪ ಯಾರು ಅಂತ ಗೊತ್ತಿರಲ್ಲ. ಪರೀಕ್ಷೆಯ ಬಗ್ಗೆ ನೂರು ತಕರಾರು ಇರಬಹುದು, ನನಗೂ ಇವೆ. ಆದರೆ ಡಿನ್ನರಿಗೆ ಹೋಗದೆಯೂ ಪಾಸಾಗಬಹುದಾದ ಬಾಗಿಲು ಅದು.

ಆ ಬಾಗಿಲಿನ ಪಕ್ಕದಲ್ಲೇ ಈಗ ಇನ್ನೊಂದು ಬಾಗಿಲು ತೆರೆಯುತ್ತಿದೆ. 2021ರ ಗಣಿ ಮತ್ತು ಖನಿಜ ಕಾಯ್ದೆ ತಿದ್ದುಪಡಿಯ ನಂತರ, ಮಾನ್ಯತೆ ಪಡೆದ ಖಾಸಗಿ ಸಂಸ್ಥೆಗಳನ್ನೂ ಖನಿಜ ಅನ್ವೇಷಣೆಗೆ ಅಧಿಸೂಚಿಸಲು ಕೇಂದ್ರಕ್ಕೆ ಅವಕಾಶವಾಯಿತು. 2023ರ ತಿದ್ದುಪಡಿ ಲಿಥಿಯಂ ಸೇರಿದಂತೆ ಆರು ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ತೆಗೆದು ಖಾಸಗಿಯವರಿಗೆ ತೆರೆಯಿತು. 29 ಖನಿಜಗಳಿಗೆ ಹೊಸ ‘ಅನ್ವೇಷಣಾ ಪರವಾನಗಿ’ ತಂದಿತು. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಹುಡುಕಿದ್ದು ಪರಮಾಣು ಇಂಧನ ಇಲಾಖೆಯ ಸಂಸ್ಥೆ. ಮುಂದೆ ಇಂಥ ಕೆಲಸದಲ್ಲಿ ಖಾಸಗಿ ಕಂಪನಿಗಳ ಪಾಲು ಬೆಳೆದ ಹಾಗೆಲ್ಲ, ಜಿಯಾಲಜಿಸ್ಟ್‌ಗಳ ನೇಮಕವೂ ಅತ್ತ ವಾಲುತ್ತದೆ. ಅಲ್ಲಿ ಯುಪಿಎಸ್‌ಸಿ ಇಲ್ಲ, ಮೀಸಲಾತಿ ಇಲ್ಲ. ‘ಒಳ್ಳೇ ಹುಡುಗ ಇದ್ದರೆ ಹೇಳಿ ಸಾರ್’ ಅನ್ನುವ ಮಾತಿದೆ. ಆ ಮಾತು ಆಡುವ ಜಾಗ ಯಾವುದು ಅಂತ ಈಗ ನಿಮಗೆ ಗೊತ್ತು. ಮಾತಿನಲ್ಲಿರುವುದು ‘ಹುಡುಗ’ ಅನ್ನುವುದನ್ನೂ ಗಮನಿಸಿ: 1952ರ ಗಣಿ ಕಾಯ್ದೆ ಮಹಿಳೆಯರನ್ನು ಭೂಗರ್ಭದ ಗಣಿಯೊಳಗೆ ಕೆಲಸಕ್ಕೆ ಇಳಿಸುವುದನ್ನೇ ನಿಷೇಧಿಸಿತ್ತು, ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ.

ನಮ್ಮ ಸಮ್ಮೇಳನಗಳಲ್ಲಿ ಬಿಯರ್ ಸಮಸ್ಯೆ ಕಮ್ಮಿ, ಬೇರೆ ಇವೆ. ಮೊದಲ ಎರಡು ಸಾಲು ಗಣ್ಯರಿಗೆ. ಊಟಕ್ಕೂ ಗಣ್ಯರಿಗೆ ಒಳಗಿನ ಕೋಣೆ, ವಿದ್ಯಾರ್ಥಿಗಳಿಗೆ ಹೊರಗೆ ಶಾಮಿಯಾನ. ಪ್ಲೇಟ್ ಹಿಡಿದು ಪಕ್ಕದಲ್ಲಿ ನಿಂತ ಹಿರಿಯರು ‘ನಿಮ್ಮ ಪೂರ್ತಿ ಹೆಸರು?’ ಅಂತ ಕೇಳಿದಾಗ ಅದು ಯಾವ ಪ್ರಶ್ನೆ ಅಂತ ಕೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಡಿನ್ನರ್ ಶುರುವಾಗುವುದು ಎಂಟೂವರೆಗೆ. ಅಷ್ಟರಲ್ಲಿ ಎಷ್ಟೋ ಕಡೆ ಲೇಡೀಸ್ ಹಾಸ್ಟೆಲಿನ ಗೇಟ್ ಹಾಕಿರುತ್ತಾರೆ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’ ಅಂತ ಬೀದಿಗಿಳಿದಾಗ ಲೈಬ್ರರಿ ಸಮಯದ ಬಗ್ಗೆ ಬಹಳ ಮಾತಾಯಿತು. ಆ ಗೇಟು ವೃತ್ತಿಯ ಸಂಜೆಗಳನ್ನೂ ಮುಚ್ಚುತ್ತದೆ ಅನ್ನುವುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಇನ್ನೊಂದು ಸಣ್ಣ ವಿಷಯ, ನನಗೆ ತುಂಬಾ ದೊಡ್ಡದಾಗಿ ಕಾಣುವುದು: ವಿಮಾನ ನಿಲ್ದಾಣದ ಡ್ಯೂಟಿ. ಹೊರಗಿನಿಂದ ಬರುವ ವಿಜ್ಞಾನಿಯನ್ನು ಕರೆತರಲು ಒಬ್ಬ ವಿದ್ಯಾರ್ಥಿಯನ್ನು ಕಳಿಸುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಒಂದೇ ಕಾರಲ್ಲಿ! ಇಡೀ ಸಮ್ಮೇಳನದಲ್ಲಿ ಅಷ್ಟು ಹೊತ್ತು ಅವರ ಜೊತೆ ಮಾತಾಡುವ ಅವಕಾಶ ಬೇರೆ ಯಾರಿಗೂ ಸಿಗಲ್ಲ. ಆ ಡ್ಯೂಟಿ ಸಾಮಾನ್ಯವಾಗಿ ಇಂಗ್ಲಿಷ್ ಸರಾಗವಾಗಿ ಬರುವ, ‘ಪ್ರೆಸೆಂಟಬಲ್’ ಅನ್ನಿಸಿಕೊಂಡ ಹುಡುಗನಿಗೆ ಹೋಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಬ್ಯಾಗ್ ಹಂಚುವ ಕೌಂಟರ್, ಹುಡುಗಿಯರಿಗೆ ಹೂಗುಚ್ಛದ ತಟ್ಟೆ.

ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಕ್ಲಬ್ಬಿತ್ತು, ಬಹುಪಾಲು ದಲಿತರಾಗಿದ್ದ ತಮಿಳು ಕಾರ್ಮಿಕರಿಗೆ ಒತ್ತೊತ್ತಾದ ‘ಲೈನ್’ ಮನೆಗಳಿದ್ದವು. ಗಣಿ 2001ರಲ್ಲಿ ಮುಚ್ಚಿತು. ಕ್ಲಬ್ಬಿಗೂ ಲೈನಿಗೂ ನಡುವಿನ ಆ ದೂರ ನಮ್ಮ ಗಣಿ ವೃತ್ತಿಯ ನಡವಳಿಕೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಅಂತ ಈ ಊಟದ ಕೋಣೆಗಳನ್ನು ನೋಡಿದಾಗ ಅನ್ನಿಸುತ್ತದೆ.

ಬದಲಾವಣೆಗೆ ಭಾರೀ ಬಜೆಟ್ ಬೇಕಿಲ್ಲ. ಡಿನ್ನರ್ ಜಾಗದಲ್ಲಿ ಮಧ್ಯಾಹ್ನದ ಊಟ ಇಟ್ಟರೆ ಹಾಸ್ಟೆಲ್ ಗೇಟಿನ ತೊಂದರೆ ಅರ್ಧ ಹೋಗುತ್ತದೆ. ಗಣ್ಯರ ಕೋಣೆ ರದ್ದು ಮಾಡಿ, ಪ್ರತಿ ಟೇಬಲ್ಲಿಗೂ ಒಬ್ಬ ಹಿರಿಯರನ್ನು ಮತ್ತು ಚೀಟಿ ಎತ್ತಿ ಆರಿಸಿದ ಆರು ವಿದ್ಯಾರ್ಥಿಗಳನ್ನು ಕೂರಿಸಬಹುದು. ವಿಮಾನ ನಿಲ್ದಾಣದ ಡ್ಯೂಟಿಗೂ ಚೀಟಿ. ಸ್ವಯಂಸೇವಕರ ನೋಂದಣಿ ಶುಲ್ಕ ಮನ್ನಾ ಮಾಡುವುದು ಜಿಎಸ್ಎಯಲ್ಲಿ ರೂಢಿಯಲ್ಲಿದೆ. ಇಲ್ಲಿ ಕೆಲಸ ಮಾಡಿಸಿಕೊಂಡು ಶುಲ್ಕವನ್ನೂ ಕಟ್ಟಿಸಿಕೊಳ್ಳುವ ಕಡೆ ಅದನ್ನು ಕೇಳಿ ಪಡೆಯಬೇಕು. ಹಣ ಕೊಡುವ ಗಣಿ ಕಂಪನಿಗಳಿಗೆ ವೇದಿಕೆಯ ಮೇಲೆ ಲೋಗೋ ಕೊಡುವಾಗ, ಈ ವರ್ಷ ಎಷ್ಟು ಹುದ್ದೆಗೆ ಬಹಿರಂಗ ಜಾಹೀರಾತು ಕೊಟ್ಟಿದ್ದೀರಿ ಅಂತ ಬರೆದು ಕೊಡಿ ಎನ್ನುವ ಷರತ್ತು ಹಾಕಬಹುದು. ಕೊನೆಯದಕ್ಕೆ ಸಂಘಟಕರು ಸುಲಭಕ್ಕೆ ಒಪ್ಪಲ್ಲ, ಹಣ ನಿಂತರೆ ಶಾಮಿಯಾನವೂ ಇರಲ್ಲ ಅನ್ನುತ್ತಾರೆ. ಆ ಭಯ ಸುಳ್ಳೇನಲ್ಲ.

ಅಲ್ಲಿಯವರೆಗೆ, ಇಂಥ ಸಮ್ಮೇಳನಕ್ಕೆ ಹೋದರೆ ಸಂಜೆ ರೂಮಿಗೆ ಹೋಗಬೇಡಿ. ನಿಮ್ಮಂತೆಯೇ ಗೋಡೆ ಪಕ್ಕ ನಿಂತಿರುವ ಇನ್ನೊಬ್ಬರನ್ನು ಜೊತೆ ಮಾಡಿಕೊಳ್ಳಿ, ಇಬ್ಬರಾದರೆ ಗುಂಪಿನೊಳಗೆ ನುಗ್ಗುವುದು ಸುಲಭ. ಯಾವುದಾದರೂ ಕಂಪನಿಯವರು ಸಿಕ್ಕರೆ ರೆಸ್ಯೂಮೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ನೀವು ಕೊನೆಯ ಸಲ ಕೆಲಸಕ್ಕೆ ತಗೊಂಡ ಜಿಯಾಲಜಿಸ್ಟ್ ನಿಮಗೆ ಹೇಗೆ ಸಿಕ್ಕರು ಸರ್?’