ಪಾತ್ರೆ ತೊಳೆಯುವ ಮಾರ್ಜಕದ ಆಯ್ಕೆ: ಮುಸುರೆ ನೀರು ಹಿತ್ತಲಿಗೆ ಹರಿಯುವ ಮನೆಗಳಿಗೆ

ಪಾತ್ರೆ ತೊಳೆದ ಮುಸುರೆ ನೀರನ್ನು ಬಾಳೆ, ತೆಂಗು, ಕೆಸುವಿನ ಬುಡಕ್ಕೆ ಹರಿಸುವುದು ನಮ್ಮ ಹಳ್ಳಿಮನೆಗಳಲ್ಲಿ ಬಹುಕಾಲದ ರೂಢಿ. ಬೂದಿ, ಸೀಗೆಪುಡಿ, ಹುಣಸೆಹಣ್ಣುಗಳಿಂದ ಪಾತ್ರೆ ಬೆಳಗುತ್ತಿದ್ದ ಕಾಲದಲ್ಲಿ ಈ ನೀರಿನ ಗುಣವನ್ನು ಕುರಿತು ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಇಂದು ಬಿಲ್ಲೆ, ದ್ರವ ಮತ್ತು ಪುಡಿ ರೂಪದ ಮಾರ್ಜಕಗಳು ಎಲ್ಲ ಅಡುಗೆಮನೆಗಳಿಗೂ ಬಂದಿವೆ. ಕೆಲವು ತೋಟದ ಮನೆಗಳಲ್ಲಿ ಪಾತ್ರೆ ತೊಳೆಯುವ ಯಂತ್ರವೂ ಇದೆ. ಪೊಟ್ಟಣಗಳ ಮೇಲೆ ‘ಪರಿಸರಸ್ನೇಹಿ’, ‘ಪ್ಲಾಸ್ಟಿಕ್ ಮುಕ್ತ’ ಎಂಬ ಹಸಿರು ಬಣ್ಣದ ಬರಹಗಳು ಕಾಣುತ್ತವೆ. ಇವು ಪೊಟ್ಟಣದ ಗುಣವನ್ನು ಹೇಳುತ್ತವೆಯೇ ಹೊರತು, ತೊಳೆದ ನೀರು ಮಣ್ಣಿಗೆ ಸೇರಿದಾಗ ಏನಾಗುತ್ತದೆ ಎಂಬುದನ್ನು ಅನೇಕ ವೇಳೆ ಹೇಳುವುದಿಲ್ಲ. ಕೃಷಿಕ ಕುಟುಂಬವು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಆಗಿದೆ.

ಮಾರ್ಜಕದಲ್ಲಿ ಏನಿರುತ್ತದೆ?

ಜಿಡ್ಡನ್ನು ಬಿಡಿಸಿ ನೀರಿನಲ್ಲಿ ತೇಲಿಸುವ ನೊರೆಕಾರಕ, ಜಿಡ್ಡನ್ನು ಸಡಿಲಿಸುವ ಕ್ಷಾರ, ಗಡಸು ನೀರನ್ನು ಮೆದುಗೊಳಿಸುವ ಲವಣ ಇವು ಪ್ರಮುಖ ಘಟಕಗಳು. ಯಂತ್ರದ ಪುಡಿಯಲ್ಲಿ ಇವುಗಳ ಜೊತೆಗೆ ಅನ್ನದ ಗಂಜಿಯನ್ನೂ ಬೇಳೆಯ ಸಸಾರಜನಕವನ್ನೂ ಕರಗಿಸುವ ಕಿಣ್ವಗಳು ಮತ್ತು ಕಲೆ ತೆಗೆಯುವ ಸೋಡಿಯಂ ಪರ್ಕಾರ್ಬೊನೇಟ್ ಇರುತ್ತವೆ.

ನೊರೆಕಾರಕಗಳ ಸಮಸ್ಯೆ ಹಳೆಯದು. ಮಣ್ಣಿನ ಸೂಕ್ಷ್ಮಾಣುಗಳು ಸುಲಭವಾಗಿ ವಿಘಟಿಸಲಾಗದ ನೊರೆಕಾರಕಗಳಿಂದ ಪಾಶ್ಚಾತ್ಯ ದೇಶಗಳ ನದಿಗಳು ನೊರೆ ತುಂಬಿ ಹರಿದಾಗ, 1960ರ ದಶಕದಲ್ಲಿ ಅವುಗಳ ಬದಲಿಗೆ ವಿಘಟನೆ ಹೊಂದುವ ಹೊಸ ಬಗೆಗಳು ಬಳಕೆಗೆ ಬಂದವು. ಆದರೂ ಸಂಸ್ಕರಿಸದ ಕೊಳಚೆ ನೀರಿನೊಂದಿಗೆ ಅಧಿಕ ಪ್ರಮಾಣದಲ್ಲಿ ಸೇರಿದರೆ ಇವು ಕೆರೆಯನ್ನು ಕೆಡಿಸುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡುದನ್ನು ಓದುಗರು ಮರೆತಿರಲಾರರು.

ರಂಜಕವು ಬೆಳೆಗೆ ಪೋಷಕಾಂಶ, ಕೆರೆಗೆ ಹೊರೆ. ಮಾರ್ಜಕದ ಫಾಸ್ಫೇಟ್ ನೀರಿನಲ್ಲಿ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತದೆ. ಯೂರೋಪಿನ ಒಕ್ಕೂಟವು ಗೃಹಬಳಕೆಯ ಪಾತ್ರೆ ಯಂತ್ರದ ಮಾರ್ಜಕಗಳಲ್ಲಿ ರಂಜಕದ ಪ್ರಮಾಣವನ್ನು 2017ರ ಜನವರಿ 1ರಿಂದ ಮಿತಿಗೊಳಿಸಿದೆ. ಮನೆಯ ನೀರು ಕೆರೆಗೋ ಹಳ್ಳಕ್ಕೋ ಸೇರುವಂತಿದ್ದರೆ ಫಾಸ್ಫೇಟ್ ರಹಿತ ಎಂದು ಸ್ಪಷ್ಟವಾಗಿ ನಮೂದಿಸಿದ ಮಾರ್ಜಕವನ್ನೇ ಕೊಳ್ಳುವುದು ಒಳಿತು.

ಹಿತ್ತಲಿಗೆ ಮಾತ್ರ ಹರಿಯುವ ನೀರಿನಲ್ಲಿ ಹೆಚ್ಚು ಗಮನಿಸಬೇಕಾದುದು ಸೋಡಿಯಂ. ಫಾಸ್ಫೇಟ್ ಬಿಟ್ಟ ಮಾರ್ಜಕಗಳಲ್ಲಿ ಆ ಸ್ಥಾನವನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ, ಮತ್ತು ಸೋಡಿಯಂ ಸಿಟ್ರೇಟ್ ತುಂಬುತ್ತವೆ. ಇವು ‘ಪರಿಸರಸ್ನೇಹಿ’ ಪಟ್ಟಿಯಲ್ಲಿಯೇ ಬರುತ್ತವೆ, ನದಿಯ ದೃಷ್ಟಿಯಿಂದ ಅದು ತಪ್ಪೂ ಅಲ್ಲ. ಆದರೆ ಜೇಡಿ ಮಣ್ಣಿಗೆ ಸತತವಾಗಿ ಸೋಡಿಯಂ ಸೇರಿದಾಗ ಮಣ್ಣಿನ ಹರಳು ಒಡೆದು, ರಂಧ್ರಗಳು ಮುಚ್ಚಿ, ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ. ಒಣಗಿದ ಮೇಲೆ ನೆಲ ಹೆಂಚಿನಂತೆ ಗಟ್ಟಿಯಾಗುತ್ತದೆ. ಉತ್ತರ ಕರ್ನಾಟಕದ ಕಪ್ಪು ಮಣ್ಣಿನಲ್ಲಿ ಈ ಅಪಾಯ ಹೆಚ್ಚು. ನೀರು ಬಸಿದು ಹೋಗುವ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ ಕಡಿಮೆ.

ಮನೆಯಲ್ಲಿಯೇ ಪುಡಿ ತಯಾರಿಸುವ ಕೆಲವು ವಿಧಾನಗಳಲ್ಲಿ ಬೊರಾಕ್ಸ್ ಸೇರಿಸಲು ಹೇಳಲಾಗುತ್ತದೆ. ಹಿತ್ತಲಿರುವ ಮನೆಗಳಿಗೆ ಇದು ಸರಿಯಲ್ಲ. ಬೋರಾನ್ ಬೆಳೆಗೆ ಬೇಕಾದುದು ಅತ್ಯಲ್ಪ. ಬೇಕಾದಷ್ಟಕ್ಕೂ ವಿಷವಾಗುವಷ್ಟಕ್ಕೂ ನಡುವಿನ ಅಂತರ ಕಿರಿದು. ನಿಂಬೆ ಜಾತಿಯ ಗಿಡಗಳು ಮತ್ತು ಹುರುಳಿಕಾಯಿ ಬಲುಬೇಗ ಸೊರಗುತ್ತವೆ.

ಯಂತ್ರದ ನೀರು ಬೇರೆಯೇ

ಯಂತ್ರವು ಒಂದು ಬಾರಿ ತೊಳೆಯಲು ಸುಮಾರು 10ರಿಂದ 15 ಲೀಟರ್ ನೀರನ್ನು ಬಳಸುತ್ತದೆ. ನೀರಿನ ಉಳಿತಾಯದ ದೃಷ್ಟಿಯಿಂದ ಇದು ಮೆಚ್ಚತಕ್ಕದ್ದು. ಆದರೆ ಅಷ್ಟೇ ನೀರಿಗೆ 15ರಿಂದ 20 ಗ್ರಾಂ ಮಾರ್ಜಕ ಬೀಳುತ್ತದೆ. ಅಂದರೆ ಲೀಟರಿಗೆ ಒಂದರಿಂದ ಎರಡು ಗ್ರಾಂ. ಅದರಲ್ಲಿ ಬಹುಪಾಲು ಸೋಡಿಯಂ ಲವಣಗಳೇ. ಕೊಳವೆಬಾವಿಯ ನೀರಿನಲ್ಲಿ ಇಷ್ಟು ಲವಣ ಕಂಡುಬಂದರೆ ನೀರಾವರಿಗೆ ಎಚ್ಚರಿಕೆಯಿಂದ ಬಳಸಿರಿ ಎಂದೇ ಸಲಹೆ ನೀಡಲಾಗುತ್ತದೆ. ಇದಲ್ಲದೆ, ಗಡಸು ನೀರನ್ನು ಮೆದುಗೊಳಿಸಲು ಅನೇಕ ಯಂತ್ರಗಳಲ್ಲಿ ಉಪ್ಪನ್ನು ತುಂಬುವ ವ್ಯವಸ್ಥೆ ಇದೆ. ಆ ಉಪ್ಪು ನೀರೂ ಇದೇ ಕೊಳವೆಯಲ್ಲಿ ಹೊರಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಗಡಸು ನೀರಿಗೆ ಈ ಉಪ್ಪು ಹೆಚ್ಚು ಬೇಕಾಗುತ್ತದೆ. ಆದುದರಿಂದ ಯಾವುದೇ ಹೆಸರಿನ ಮಾರ್ಜಕ ಬಳಸಿದರೂ ಯಂತ್ರದ ನೀರನ್ನು ತರಕಾರಿ ಮಡಿಗೆ ಬಿಡಬಾರದು. ಅದನ್ನು ಕುಡಿಯುವ ನೀರಿನ ಬಾವಿಯಿಂದ ದೂರದಲ್ಲಿರುವ ಇಂಗುಗುಂಡಿಗೋ ಚರಂಡಿ ವ್ಯವಸ್ಥೆಗೋ ಸೇರಿಸುವುದು ಕ್ಷೇಮ.

ಕೈಯಿಂದ ತೊಳೆಯುವ ದ್ರವವನ್ನು ಯಂತ್ರಕ್ಕೆ ಹಾಕಿದರೆ ನೊರೆ ಉಕ್ಕಿ ಹೊರಬರುತ್ತದೆ. ಅಲ್ಯೂಮಿನಿಯಂ ಪಾತ್ರೆಗಳು ಯಂತ್ರದ ಕ್ಷಾರದಿಂದ ಕಪ್ಪಾಗುತ್ತವೆ. ಹಿತ್ತಾಳೆ, ತಾಮ್ರ, ಬೀಡುಕಬ್ಬಿಣ ಮತ್ತು ಮರದ ಸೌಟುಗಳನ್ನೂ ಹಾಕಬಾರದು.

ಪ್ಲಾಸ್ಟಿಕ್ ಎಲ್ಲೆಲ್ಲಿ ಅಡಗಿದೆ?

ಹೊರಗಿನ ಡಬ್ಬಿ ಎಲ್ಲರಿಗೂ ಕಾಣುತ್ತದೆ. ಯಂತ್ರಕ್ಕೆ ಹಾಕುವ ಸಣ್ಣ ಗುಳಿಗೆಗಳ ಸುತ್ತ ಇರುವ, ನೀರಿನಲ್ಲಿ ಮಾಯವಾಗುವ ಪೊರೆ ಕಾಣುವುದಿಲ್ಲ. ಅದು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಕೃತಕ ಪಾಲಿಮರ್. ಕರಗುವುದು ಬೇರೆ, ವಿಘಟನೆಗೊಳ್ಳುವುದು ಬೇರೆ. ಇದನ್ನು ವಿಘಟಿಸಲು ತಕ್ಕ ಸೂಕ್ಷ್ಮಾಣುಗಳೂ ಸಾಕಷ್ಟು ಸಮಯವೂ ಬೇಕು. ಹಿತ್ತಲ ಕಾಲುವೆಯಲ್ಲಿ ಅವು ದೊರೆಯುತ್ತವೆಂಬ ಭರವಸೆ ಇಲ್ಲ. ಪ್ಲಾಸ್ಟಿಕ್ ಬೇಡವೆನ್ನುವವರು ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಬಿಡಿ ಪುಡಿಯನ್ನು ಆರಿಸಬೇಕು. ಇದರಲ್ಲಿ ಇನ್ನೊಂದು ಅನುಕೂಲವಿದೆ: ಗುಳಿಗೆಯನ್ನು ಅರ್ಧ ಮಾಡಲಾಗದು, ಪುಡಿಯನ್ನು ಪಾತ್ರೆಯ ಜಿಡ್ಡಿಗೂ ನೀರಿನ ಗಡಸುತನಕ್ಕೂ ತಕ್ಕಂತೆ ಅಳೆದು ಹಾಕಬಹುದು. ಮೆದು ನೀರಿರುವ ಮಲೆನಾಡು, ಕರಾವಳಿಯ ಮನೆಗಳಿಗೆ ಸಾಮಾನ್ಯವಾಗಿ ಕಡಿಮೆ ಪುಡಿ ಸಾಕು.

ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆಯ ಪುಡಿ ಗಂಟುಕಟ್ಟುತ್ತದೆ. ಬಿಗಿ ಮುಚ್ಚಳದ ಗಾಜಿನ ಅಥವಾ ಸ್ಟೀಲ್ ಡಬ್ಬಿಗೆ ತುಂಬಿಡಬಹುದು. ಆದರೆ ಅದು ಉಪ್ಪು, ಸಕ್ಕರೆಯ ಡಬ್ಬಿಯಂತಿರಬಾರದು, ಅವುಗಳ ಸಾಲಿನಲ್ಲಿಯೂ ಇರಬಾರದು. ಡಬ್ಬಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಎಟುಕದಲ್ಲಿ ಇಡಿರಿ. ಯಂತ್ರದ ಮಾರ್ಜಕ ತೀಕ್ಷ್ಣ ಕ್ಷಾರವಾದುದರಿಂದ ಬಾಯಿ, ಗಂಟಲು, ಕಣ್ಣನ್ನು ಸುಡುತ್ತದೆ. ಮಗು ನುಂಗಿದಲ್ಲಿ ವಾಂತಿ ಮಾಡಿಸದೆ, ಬಾಯಿ ತೊಳೆದು, ಪೊಟ್ಟಣದ ಸಮೇತ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಉಜ್ಜುವ ಸ್ಪಂಜೂ ಪ್ಲಾಸ್ಟಿಕ್ಕೇ. ಅದು ಸವೆದ ಚೂರುಗಳು ನೀರಿನೊಂದಿಗೆ ಮಣ್ಣಿಗೆ ಸೇರುತ್ತವೆ. ತೆಂಗಿನ ನಾರು ಅಥವಾ ಒಣಗಿದ ತುಪ್ಪದ ಹೀರೆಯ ನಾರು ಅದರ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ.

ಅಂಟುವಾಳದ ದ್ರಾವಣ

ಕೈಯಿಂದ ತೊಳೆಯುವ ಮನೆಗಳಿಗೆ ಅಂಟುವಾಳ ಯೋಗ್ಯವಾದುದು. ಇದರ ಕಾಯಿಯ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಅಂಶವೇ ನೊರೆ ಕೊಡುತ್ತದೆ. 10–12 ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಮರುದಿನ 15–20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ದ್ರಾವಣ ಬೇಗ ಹುಳಿಯುವುದರಿಂದ ಎರಡು ಮೂರು ದಿನಕ್ಕೆ ಸಾಕಾಗುವಷ್ಟನ್ನೇ ಮಾಡಿಕೊಳ್ಳಿರಿ. ದಿನನಿತ್ಯದ ತಟ್ಟೆ ಲೋಟಗಳಿಗೆ ಇದು ಸಾಕು; ಕರಿದ ಎಣ್ಣೆಯ ಬಾಣಲೆಗೆ ಮೊದಲು ಬೂದಿ ಅಥವಾ ಕಡಲೆಹಿಟ್ಟು ಉಜ್ಜಿ ಜಿಡ್ಡು ತೆಗೆಯಬೇಕಾಗುತ್ತದೆ. ಕಣ್ಣಿಗೆ ಸಿಡಿದರೆ ಉರಿಯುತ್ತದೆ. ಸಸ್ಯಜನ್ಯವೆಂದ ಮಾತ್ರಕ್ಕೆ ಎಲ್ಲಕ್ಕೂ ನಿರಪಾಯಕಾರಿಯಲ್ಲ: ಸಪೋನಿನ್ ಮೀನಿಗೆ ವಿಷ. ಕೃಷಿಹೊಂಡದಲ್ಲಿ ಮೀನು ಸಾಕುವವರು ಈ ನೀರು ಹೊಂಡಕ್ಕೆ ಹರಿಯದಂತೆ ನೋಡಿಕೊಳ್ಳಬೇಕು.

ಅಂಗಡಿಯಿಂದ ಕೊಳ್ಳುವುದಾದರೆ ಬಣ್ಣ, ಸುಗಂಧ ಕಡಿಮೆ ಇರುವುದನ್ನೂ ಘಟಕಗಳ ಪಟ್ಟಿ ಪೂರ್ಣವಾಗಿ ಇರುವುದನ್ನೂ ಆರಿಸಿರಿ. ಕೇಂದ್ರ ಸರ್ಕಾರ 1991ರಲ್ಲಿ ಆರಂಭಿಸಿದ, ಮಣ್ಣಿನ ಮಡಕೆಯ ಗುರುತಿನ ಇಕೋಮಾರ್ಕ್ ಯೋಜನೆಗೆ 2024ರಲ್ಲಿ ಹೊಸ ನಿಯಮಗಳು ಬಂದಿವೆ. ಈ ಗುರುತು ತಯಾರಕರ ಸ್ವಂತ ಹೊಗಳಿಕೆಗಿಂತ ನಂಬತಕ್ಕದ್ದು.

ಮುಸುರೆ ನೀರು ಬಿಡುವ ಕ್ರಮ

ತೊಳೆಯುವ ಮುನ್ನ ಎಂಜಲನ್ನೂ ಜಿಡ್ಡನ್ನೂ ಒರೆಸಿ ಗೊಬ್ಬರದ ಗುಂಡಿಗೆ ಹಾಕಿದರೆ ಮಾರ್ಜಕವೂ ಕಡಿಮೆ ಸಾಕು, ಕಾಲುವೆಯೂ ನಾರುವುದಿಲ್ಲ. ಕೈಯಿಂದ ತೊಳೆದ ನೀರನ್ನು ಬಾಳೆ, ತೆಂಗು, ಕಾಬಾಳೆಯ ಪಾತಿಗೆ ತರಗೆಲೆಯ ಹೊದಿಕೆಯ ಅಡಿಯಲ್ಲಿ ಬಿಡಬೇಕು; ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಸೌತೆಗೆ ಬೇಡ. ಒಂದೇ ಬುಡಕ್ಕೆ ದಿನವೂ ಬಿಡದೆ ಪಾತಿಗಳನ್ನು ಬದಲಿಸುತ್ತಿರಿ. ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬಾರದು. ಎಲೆಯ ಅಂಚು ಸುಟ್ಟಂತಾಗುವುದು, ನೆಲದ ಮೇಲೆ ಬಿಳಿ ಪದರ ಮೂಡುವುದು, ನೀರು ಇಂಗಲು ತಡವಾಗುವುದು ಕಂಡುಬಂದರೆ ಕೆಲಕಾಲ ಒಳ್ಳೆಯ ನೀರನ್ನೇ ಕೊಟ್ಟು, ಆ ಪಾತಿಯ ಮಣ್ಣಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಗೆ ಕೊಡಿರಿ. ಜಿಪ್ಸಮ್ ಬೇಕೇ, ಎಷ್ಟು ಬೇಕು ಎಂಬುದನ್ನು ಆ ಫಲಿತಾಂಶದ ಆಧಾರದ ಮೇಲೆಯೇ ನಿರ್ಧರಿಸಬೇಕು.