ನಲ್ಲಿಯನ್ನು ಬಿಚ್ಚುವ ಮುನ್ನ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಬೆಳೆದವರಿಗೆ ನೀರಿನ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಇಲ್ಲಿ ಮಳೆ ಕಡಿಮೆ. ಪಾವಗಡದ ಅಂತರ್ಜಲಕ್ಕೆ ಫ್ಲೋರೈಡಿನ ದೋಷವೂ ಉಂಟು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಗ್ರಾಮವಾಸಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಗೊತ್ತುಮಾಡಿತು. ಆ ಲೆಕ್ಕದಂತೆ 1,000 ಲೀಟರಿನ ತೊಟ್ಟಿಯು ಐವರ ಸಂಸಾರಕ್ಕೆ ಮೂರೂವರೆ ದಿನದ ನೀರು. ಅದು ಅರ್ಧ ಗಂಟೆಯಲ್ಲಿ ಹರಿದುಹೋದರೆ ಸಣ್ಣ ನಷ್ಟವಲ್ಲ.

ಒಂದು ಬೇಸಗೆಯಲ್ಲಿ ನಮ್ಮ ವಸತಿಗೃಹದ ನಲ್ಲಿಯೊಂದು ಸೋರುತ್ತಿದ್ದಿತು. ಬೀದಿಯ ಕೊಳವೆಯ ವಾಲ್ವನ್ನು ಮುಚ್ಚಿಸಿ, ನೀರು ನಿಂತಿತೆಂದು ನಂಬಿ, ಬಿಚ್ಚಲು ಅಪ್ಪಣೆ ಕೊಟ್ಟೆನು. ಬಿಚ್ಚಿದೊಡನೆ ನೀರು ಚಿಮ್ಮಿತು. ಮಾಳಿಗೆಯ ತೊಟ್ಟಿ ಬರಿದಾಗುವವರೆಗೂ ನಿಲ್ಲಲಿಲ್ಲ. ತೊಟ್ಟಿಯ ವಾಲ್ವು ಎಲ್ಲಿದೆಯೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಮುಂದಿನ ಸರದಿಯ ನೀರು ಬರುವವರೆಗೆ ಹುಡುಗಿಯರು ಕೊಡ ಹೊರಬೇಕಾಯಿತು. ತಪ್ಪು ನನ್ನದೇ.

ಕಾರಣವು ಸರಳವಾದುದು. ನಮ್ಮ ಮನೆಗಳಲ್ಲಿ ಬೀದಿಯ ನೀರನ್ನು ಬಂದಾಗ ಸಂಪಿನಲ್ಲಿ ತುಂಬಿ, ಮೋಟಾರಿನಿಂದ ಮಾಳಿಗೆಯ ತೊಟ್ಟಿಗೆ ಏರಿಸುತ್ತೇವಷ್ಟೆ. ಒಳಗಿನ ನಲ್ಲಿಗಳಿಗೆ ನೀರಿಳಿಯುವುದು ಆ ತೊಟ್ಟಿಯಿಂದ. ಬೀದಿಯ ವಾಲ್ವು ಸಂಪಿಗೆ ಬರುವ ನೀರನ್ನು ಮಾತ್ರ ತಡೆಯುವುದು. ಕಾಲುವೆಯನ್ನು ದುರಸ್ತು ಮಾಡುವಾಗ ನೀರುಗಂಟಿಯು ಮುಚ್ಚುವುದು ಕೆರೆಯ ತೂಬನ್ನೇ ಹೊರತು ಕೆರೆಗೆ ನೀರು ತರುವ ಹಳ್ಳವನ್ನಲ್ಲ. ಮನೆಯ ನಲ್ಲಿಗೂ ಇದೇ ನ್ಯಾಯ.

ಆದುದರಿಂದ ಮೊದಲು ಮೋಟಾರಿನ ಸ್ವಿಚ್ಚನ್ನು ಆರಿಸತಕ್ಕದ್ದು. ಗೀಸರ್ ಇದ್ದರೆ ಅದರ ವಿದ್ಯುತ್ತನ್ನೂ ನಿಲ್ಲಿಸತಕ್ಕದ್ದು. ನೀರಿಲ್ಲದೆ ಕಾದರೆ ಅದು ಸುಟ್ಟುಹೋಗುವುದು. ಅನಂತರ ತೊಟ್ಟಿಯ ಬುಡದಿಂದ ಹೊರಡುವ ಕೊಳವೆಯ ವಾಲ್ವನ್ನು ಮುಚ್ಚಿರಿ. ಚಕ್ರದಂತಹ ಹಿಡಿಯಾದರೆ ಬಲಕ್ಕೆ ಹಲವು ಸುತ್ತು ತಿರುಗಿಸಬೇಕು. ಉದ್ದನೆಯ ಹಿಡಿಯಾದರೆ ಕಾಲು ಸುತ್ತು ಸಾಕು, ಅದು ಕೊಳವೆಗೆ ಅಡ್ಡವಾಗಿ ನಿಂತರೆ ಮುಚ್ಚಿತೆಂದು ತಿಳಿಯಿರಿ. ಸೋಲಾರಿನ ಬಿಸಿನೀರಿಗೆ ಬೇರೆ ವಾಲ್ವಿದ್ದರೆ ಅದನ್ನೂ ಮುಚ್ಚಿರಿ. ಅಂಗಳದ ನಲ್ಲಿಯು ನೇರವಾಗಿ ಬೀದಿಯ ಕೊಳವೆಗೆ ಸೇರಿದ್ದರೆ ಅದಕ್ಕೆ ಮಾತ್ರ ಬೀದಿಯ ಕಡೆಯ ವಾಲ್ವೇ ಬೇಕು.

ಕಡೆಯದಾಗಿ, ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ನಲ್ಲಿಯನ್ನು ತೆರೆದು, ಕೊಳವೆಗಳಲ್ಲಿ ಉಳಿದ ನೀರನ್ನು ಬಕೆಟ್ಟಿನಲ್ಲಿ ಹಿಡಿಯಿರಿ. ಹರಿವು ಪೂರ್ಣವಾಗಿ ನಿಂತ ಮೇಲೆಯೇ ಕೆಲಸಕ್ಕೆ ಕೈಹಾಕಬೇಕು. ನಿಲ್ಲದಿದ್ದರೆ ವಾಲ್ವು ಸರಿಯಾಗಿ ಮುಚ್ಚಿಲ್ಲ, ಇಲ್ಲವೆ ಕೊಳವೆಬಾವಿಯಿಂದಲೋ ಮತ್ತೊಂದು ತೊಟ್ಟಿಯಿಂದಲೋ ನೀರು ಬರುತ್ತಿದೆ. ಕೆಲಸ ಮುಗಿದ ಮೇಲೆ ವಾಲ್ವನ್ನು ಮೆಲ್ಲನೆ ತೆರೆಯಿರಿ. ಒಳಗಿನ ಗಾಳಿಯು ಮೊದಲು ಹೊರಡಲಿ.

ನಮ್ಮ ಕಡೆಯ ಗಡಸು ನೀರಿನಿಂದ ವಾಲ್ವಿನಲ್ಲಿ ಸುಣ್ಣದ ಪದರ ಕಟ್ಟಿ, ಅದು ಬಿಗಿದುಕೊಳ್ಳುವುದುಂಟು. ಆಗ ಬಲವಂತದಿಂದ ತಿರುಗಿಸಿದರೆ ಮುರಿದೀತು. ವರ್ಷಕ್ಕೆರಡು ಸಲ ಮುಚ್ಚಿ ತೆರೆಯುತ್ತಿದ್ದರೆ ಅಗತ್ಯವಾದಾಗ ಅದು ನಿಮ್ಮ ಮಾತನ್ನು ಕೇಳುವುದು.

ಈ ಪುಟವನ್ನು ಓದಿದ ತಾಯಂದಿರು ಇಂದೇ ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಮನೆಯ ವಾಲ್ವುಗಳನ್ನು ತೋರಿಸಿ, ಅವರ ಕೈಯಿಂದಲೇ ಒಮ್ಮೆ ತಿರುಗಿಸಿ ನೋಡುವಂತೆ ಮಾಡಬೇಕೆಂದು ಬೇಡುತ್ತೇನೆ.